ಇಪ್ಪತ್ತು ನಿಮಿಷದ ಹಿಂಡಿ

ಪಶು ಆಹಾರದ ಗಿರಣಿಯಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಕರೆಯುತ್ತಿದ್ದುದು ಮೂಸಣ್ಣ ಎಂದೇ. ಇಪ್ಪತ್ತಾರು ವರ್ಷದಿಂದ ಅವನು ಮೂಸದ ಹಿಂಡಿ ಒಳಗೆ ಬಂದದ್ದಿಲ್ಲ. ಲಾರಿ ಬಂದರೆ ಮೇಲಿನ ಚೀಲ ಬಿಟ್ಟು ಕೆಳಗಿನದಕ್ಕೆ ಕೈಹಾಕುವನು. ಒಂದು ತುಂಡು ಮುರಿದು ಬಿಸಿನೀರಿನ ಬಟ್ಟಲಿಗೆ ಹಾಕಿ, ಮುಚ್ಚಿ, ಅರ್ಧ ಗಂಟೆ ಕಾಯುವನು. ಮುಚ್ಚಳ ತೆಗೆದಾಗ ಏಳುವ ಹಬೆಗೆ ಮೂಗೊಡ್ಡಿದರೆ ಸಾಕು, ಬೂಷ್ಟು ಎಷ್ಟೇ ಒಳಗೆ ಅಡಗಿರಲಿ, ಗುಟ್ಟು ರಟ್ಟು.

ಮೊದಲು ಗಿರಣಿ ಮೂಸಣ್ಣನ ಅಣ್ಣನದು, ಮೂರು ಊರಿನ ದನಗಳಿಗೆ ಮಾತ್ರ. ಅಣ್ಣ ಹೋದ ಮೇಲೆ ಅವನ ಮಗ ಅದನ್ನು ನಲವತ್ತು ಊರಿಗೆ ಬೆಳೆಸಿದ. ಖರೀದಿಗೆ ಕಂಪ್ಯೂಟರ್ ಬಂತು. ಚೀಲಗಳು ಇಷ್ಟಕ್ಕಿಳಿದವೆಂದರೆ ಆರ್ಡರ್ ತಾನೇ ಹೋಗುತ್ತದೆ, ಯಾರ ದರ ಕಡಿಮೆಯೋ ಅವರಿಗೆ. ಲಾರಿ ಬಂದ ಇಪ್ಪತ್ತು ನಿಮಿಷದೊಳಗೆ ತೂಕ, ಸೀಲು ನೋಡಿ ಹಸಿರು ಗುಂಡಿ ಒತ್ತಬೇಕು. ತಡವಾದರೆ ಉಗ್ರಾಣದವನ ಹೆಸರಿಗೆ ಕೆಂಪು ಗುರುತು. ಮೂಸಣ್ಣನಿಗೆ ಆಗಲೇ ಎರಡು ಬಿದ್ದಿದ್ದವು.

"ಮೂರನೇದು ಬಿದ್ರೆ ಮನೇಲಿ ಕೂತ್ಕೋ ಚಿಕ್ಕಪ್ಪ," ಎಂದಿದ್ದ ಅಣ್ಣನ ಮಗ. ನಗುತ್ತಲೇ ಅಂದರೂ, ಅಪ್ಪನ ಹಾಗೆ ಬರೀ ಬಾಯಿಮಾತಿಗೆ ಅನ್ನುವವನಲ್ಲ ಅವನು. ಮೂಸಣ್ಣನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಮನೆಯಲ್ಲಿ ಕೂತರೆ ಗೋಡೆಯೊಂದಿಗೇ ಮಾತು.

ಆ ಮಧ್ಯಾಹ್ನ ಬಂದ ಲಾರಿ ಹೊಸ ವ್ಯಾಪಾರಿಯದು. ಕೆಳಗಿನ ಚೀಲದ ಹಿಂಡಿ ಬೆರಳಿಗೆ ತಣ್ಣಗೆ ತಾಗಿತು. ಮುರಿದರೆ ಸಣ್ಣಗೆ ಒಂದು ವಾಸನೆ, ಹಳೇ ಗೋಣಿಯಡಿಯ ನೆಲದ್ದು.

"ಏನ್ ಮೂಸಣ್ಣ, ದನಕ್ಕೆ ಹಾಕೋದಾ, ಮದುಮಗನಿಗೆ ಬಡಿಸೋದಾ?" ಎಂದ ಡ್ರೈವರ್.

ಮೂಸಣ್ಣ ಅಣ್ಣನ ಮಗನಿಗೆ ಫೋನ್ ಮಾಡಿದ.

"ತೂಕ ಸರಿ ಇದ್ಯಾ?"

"ಇದೆ."

"ಸೀಲು?"

"ಅದೂ ಇದೆ ಕಣೋ. ವಾಸನೆ ಸರಿಯಿಲ್ಲ. ಅರ್ಧ ಗಂಟೆ ನೆನೆಸಿ ನೋಡ್ತೀನಿ."

"ನಿನ್ನ ಮೂಗು ಕಟ್ಕೊಂಡು ನಲವತ್ತು ಊರು ನಡೆಸಕ್ಕಾಗತ್ತಾ? ಹಿಂದೆ ನಾಲ್ಕು ಲಾರಿ ನಿಂತಿವೆ. ಇನ್ನು ನಿನ್ನಿಷ್ಟ."

ಮೂಸಣ್ಣ ಗಡಿಯಾರ ನೋಡಿದ. ಹದಿನೆಂಟು ನಿಮಿಷ ಕಳೆದಿತ್ತು. ಹಸಿರು ಒತ್ತಿದ.

ಐದನೆಯ ದಿನ ಬೆಳಿಗ್ಗೆ, ಗಿರಣಿಯಿಂದಲೇ ಹಿಂಡಿ ಒಯ್ಯುತ್ತಿದ್ದ ಅಕ್ಕನ ಕರೆ ಬಂತು. ಹೋಗುವಷ್ಟರಲ್ಲಿ ಅವಳ ಹಸು ಕತ್ತು ಚಾಚಿ ಮಲಗಿತ್ತು, ಗಬ್ಬದ ಹೊಟ್ಟೆ ಒಂದು ಪಕ್ಕಕ್ಕೆ ಉಬ್ಬಿ, ಉಸಿರಿಲ್ಲದೆ. ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕ ಕೂತಿದ್ದಳು. ದನದ ಡಾಕ್ಟರು ಬಂದು, ಹಿಂಡಿಯ ಬೂಷ್ಟು ವಿಷವಾಗಿದೆ ಎಂದು ಹೇಳಿ ಹೋಗಿದ್ದರು.

"ಮೊದಲನೇ ದಿನಾನೇ ಮುಖ ತಿರುಗಿಸ್ತು ಕಣೋ," ಎಂದಳು. "ಕೊಬ್ಬು ನಿಂಗೆ ಅಂತ ಬೈದೆ. ನನ್ನ ತಮ್ಮ ಮೂಸಿ ಕೊಟ್ಟದ್ದಕ್ಕೆ ಕೊಂಕು ತೆಗೀತೀಯಾ ಅಂತ, ಉಪ್ಪುನೀರು ಬೆರೆಸಿ ಹಿಡಿಹಿಡಿಯಾಗಿ ನಾನೇ ತಿನ್ನಿಸಿದೆ. ನೀನು ಮೂಸಿದ್ದೆ ತಾನೆ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅಕ್ಕನ ಅಂಗೈಗೆ ಹಿಂಡಿಯ ಪುಡಿ ಇನ್ನೂ ಅಂಟಿಕೊಂಡಿತ್ತು.

"ಮೂಸಿದ್ದೆ ಅಕ್ಕ. ಗೊತ್ತಾಗಿತ್ತು."

ಅವಳು ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಹಸುವಿನ ತಲೆಯನ್ನು ಮೆಲ್ಲಗೆ ನೆಲಕ್ಕಿಳಿಸಿದಳು.

"ಮತ್ತೆ ಇಲ್ಲಿ ಯಾಕೆ ನಿಂತಿದ್ದೀಯ? ಮಿಕ್ಕ ಮನೆಗಳಿಗಾದ್ರೂ ಹೋಗಿ ಹೇಳು."

ಹೋದ. ಮೊದಲ ಮನೆಯವರು, "ನೀವು ಮೂಸಿದ ಮೇಲೆ ಎಂಥಾ ವಿಷ, ತಮಾಷೆ ಮಾಡ್ಬೇಡಿ," ಎಂದು ನಕ್ಕರು. ಎರಡನೆಯ ಮನೆಯ ಕೊಟ್ಟಿಗೆಯಲ್ಲಿ ಎರಡು ಎಮ್ಮೆಗಳು ಹಿಂಡಿ ನೆನೆಸಿದ ಬಾನಿಯ ತಳ ನೆಕ್ಕಿ ಮುಗಿಸಿ, ಇನ್ನಷ್ಟು ತಂದನೇನೋ ಎಂಬಂತೆ ಅವನತ್ತ ತಲೆಯೆತ್ತಿದವು.