ಬಾಣಂತಿ ಕೋಣೆಯ ಹಳೆ ಶೀಟು

ಹುಲಿಕುಂಟೆ ಹೋಬಳಿಯ ಒಂದು ಹಳ್ಳಿ. ಅಲ್ಲಿ ಲಕ್ಷ್ಮಯ್ಯನ ಮನೆಗೆ ಅಂಟಿಕೊಂಡಂತೆ ಒಂದು ಹಳೆಯ ಕೋಣೆ. ಅವನ ಮದುವೆಯ ಕಾಲದಲ್ಲಿ ಹಾಕಿಸಿದ ಸಿಮೆಂಟ್ ಶೀಟಿನ ಸೂರು ಅದಕ್ಕೆ. ಆಗ ಊರಿಗೇ ಮೊದಲ ಶೀಟಿನ ಮನೆ ಅಂತ ಜನ ಬಂದು ಬಂದು ನೋಡಿ ಹೋಗಿದ್ದರು. ಈಗ ಆ ಶೀಟು ಕಪ್ಪಗಾಗಿ, ಅಂಚು ಮುಕ್ಕಾಗಿ, ಮಳೆ ಬಂದರೆ ಒಳಗೆಲ್ಲ ಪಾತ್ರೆ ಇಡಬೇಕು. ರಾಗಿ ಮೂಟೆ, ಹಳೆ ನೇಗಿಲು ಇಡುವಷ್ಟು ದಿನ ಹೇಗೋ ನಡೆಯಿತು. ಇನ್ನು ನಡೆಯುವಂತಿರಲಿಲ್ಲ. ಪಾವಗಡದ ಕಡೆಗೆ ಕೊಟ್ಟಿದ್ದ ಮಗಳು ಶ್ರೀಲತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅದೇ ಕೋಣೆ ಬಾಣಂತಿ ಕೋಣೆ ಆಗಬೇಕಿತ್ತು.

ಹಳೆ ಸೂರು ಇಳಿಸಿ ಹೊಸದು ಹಾಕುವುದು ಲಕ್ಷ್ಮಯ್ಯನಿಗೆ ದೊಡ್ಡ ಕೆಲಸವೇನಲ್ಲ. ಆ ಊರಲ್ಲಿ ಮುಯ್ಯಾಳಿನ ಪದ್ಧತಿ ಇನ್ನೂ ಉಳಿದಿದೆ. ಇವತ್ತು ನಿಮ್ಮ ಮನೆ ಕೆಲಸಕ್ಕೆ ನಾವು, ನಾಳೆ ನಮ್ಮ ಮನೆ ಕೆಲಸಕ್ಕೆ ನೀವು. ಕೂಲಿಯ ಮಾತಿಲ್ಲ, ಮಧ್ಯಾಹ್ನಕ್ಕೆ ಮುದ್ದೆ, ಉಪ್ಸಾರು ಹಾಕಿದರೆ ಆಯಿತು. ಯಾರ ಮನೆಯ ಸೂರು ಇಳಿಸಬೇಕಾದರೂ ಸುತ್ತಿಗೆ ಹಿಡಿದು ಮೊದಲು ಹತ್ತುತ್ತಿದ್ದವನು ಲಕ್ಷ್ಮಯ್ಯನೇ. ಶೀಟನ್ನು ಮೇಲಿಂದಲೇ ಒಡೆದು ಉದುರಿಸುವುದು, ಚೂರುಗಳನ್ನು ಕುಟ್ಟಿ ಹೊಸ ನೆಲದ ಅಡಿಗೆ ತುಂಬುವುದು, ಅದರ ಮೇಲೆ ಮಣ್ಣು ಬಡಿಯುವುದು. ಹಾಗೆ ಮಾಡಿದರೆ ಹೆಗ್ಗಣ ತೋಡುವುದಿಲ್ಲ ಅನ್ನುವುದು ಅವನ ಲೆಕ್ಕಾಚಾರ. ಊರಿನವರೂ ಭೇಷ್ ಅಂದಿದ್ದರು. ಈಗ ತನ್ನ ಮನೆಯ ಸರದಿ. ಭಾನುವಾರಕ್ಕೆ ಎಲ್ಲರಿಗೂ ಹೇಳಿಬಂದಿದ್ದ.

ಶುಕ್ರವಾರ ಬೆಳಿಗ್ಗೆ ಅವನು ಹಿತ್ತಲಲ್ಲಿ ಬಿದ್ದಿದ್ದ ಒಡಕು ಶೀಟುಗಳನ್ನು ಅಂಗಳಕ್ಕೆ ಎಳೆದು ತಂದು ಕುಟ್ಟತೊಡಗಿದ. ಹೆಂಡತಿ ಚಿಕ್ಕಹನುಮಕ್ಕ ಪೊರಕೆ ಹಿಡಿದು ಪುಡಿಯನ್ನು ಗುಡ್ಡೆ ಮಾಡುತ್ತಿದ್ದಳು. ಬೂದಿಯಂಥ ಧೂಳು ಅಂಗಳದ ತುಂಬ ಏಳುತ್ತಿತ್ತು. ಶ್ರೀಲತಾ ಜಗಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

ಬಸುರಿಯ ಬಿ.ಪಿ. ನೋಡಲೆಂದು ಆರೋಗ್ಯ ಕೇಂದ್ರದ ನರ್ಸ್ ಭುವನಾ ಬಂದದ್ದು ಆಗಲೇ. ಬಂದವಳು ಚೀಲ ಇಳಿಸುವ ಮುಂಚೆ ಶ್ರೀಲತಾಳ ಕೈ ಹಿಡಿದು ಎಬ್ಬಿಸಿ, ಅಂಗಳದಿಂದ ಆಚೆ ಪಕ್ಕದ ಮನೆಯಲ್ಲಿ ಕೂರಿಸಿ ಬಂದಳು. ಆಮೇಲೆ ಒಂದು ಕೊಡ ನೀರು ಕೇಳಿದಳು. ಕೈಕಾಲು ತೊಳೆಯಲಿಕ್ಕಿರಬೇಕು ಅಂದುಕೊಂಡು ಲಕ್ಷ್ಮಯ್ಯ ತಂದುಕೊಟ್ಟ. ಅವಳು ಮೂಗು, ಬಾಯಿ ಮುಚ್ಚಿಕೊಂಡು, ಅಷ್ಟೂ ನೀರನ್ನು ಆ ಗುಡ್ಡೆಯ ಮೇಲೆ ಮೆಲ್ಲಗೆ ಚಿಮುಕಿಸಿಬಿಟ್ಟಳು. ಲಕ್ಷ್ಮಯ್ಯನಿಗೆ ಉರಿದುಹೋಯಿತು.

ಕುಟ್ಟಬೇಡಿ, ಇಂಥ ಹಳೆ ಶೀಟಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ, ಧೂಳು ಏಳಬಾರದು ಅಂತ ಅವಳು ಹೇಳಿದಳು. ಅವನು ನಕ್ಕ.

"ಮದ್ವೆ ಆದಾಗ್ನಿಂದ ಇದರಡೀಲೇ ಮಲಗಿದೀವಿ ಕಣಮ್ಮ. ನಂಗೇನಾಗೈತೆ? ಗುಂಡುಕಲ್ಲಿದ್ದಂಗೆ ಇದೀನಿ ನೋಡು."

ಭುವನಾ ಜಗಳಕ್ಕೆ ಹೋಗಲಿಲ್ಲ. ಅವನ ಮಾತನ್ನೂ ತೆಗೆದುಹಾಕಲಿಲ್ಲ. ಗಟ್ಟಿಯಾಗಿರುವ ಶೀಟು ಸುಮ್ಮನೆ ಸೂರಿನ ಮೇಲಿದ್ದರೆ ಅಷ್ಟು ಅಪಾಯವಿಲ್ಲ ಅಂದಳು. ಒಡೆದರೆ, ಕೊರೆದರೆ, ಉಜ್ಜಿದರೆ ಅದರೊಳಗಿನ ನಾರು ಧೂಳಾಗಿ ಏಳುತ್ತದೆ. ಕೂದಲಿಗಿಂತ ಎಷ್ಟೋ ಸಣ್ಣದು, ಕಣ್ಣಿಗೇ ಕಾಣುವುದಿಲ್ಲ. ಉಸಿರಿನ ಜೊತೆ ಒಳಗೆ ಹೋಗಿ ಶ್ವಾಸಕೋಶದಲ್ಲಿ ನಾಟಿಕೊಂಡರೆ ಅದನ್ನು ಹೊರಗೆ ತೆಗೆಯುವ ಔಷಧಿಯಿಲ್ಲ. ಅವತ್ತು ಕೆಮ್ಮು ಬರುವುದಿಲ್ಲ, ಜ್ವರವೂ ಬರುವುದಿಲ್ಲ. ಇಪ್ಪತ್ತು, ಮೂವತ್ತು, ಒಮ್ಮೊಮ್ಮೆ ನಲವತ್ತು ವರ್ಷ ಕಳೆದ ಮೇಲೆ ಶ್ವಾಸಕೋಶ ಗಡುಸಾಗಿ ಉಬ್ಬಸ ಬರಬಹುದು, ಕ್ಯಾನ್ಸರೂ ಬರಬಹುದು. ಎಲ್ಲರಿಗೂ ಬಂದೇ ಬರುತ್ತದೆ ಅಂತಲ್ಲ, ಆದರೆ ಧೂಳು ಹೆಚ್ಚು ಕುಡಿದಷ್ಟೂ ಅಪಾಯ ಹೆಚ್ಚು.

ಮೂವತ್ತು ವರ್ಷ ಆದಮೇಲೆ ತಾನೆ, ಅಷ್ಟೊತ್ತಿಗೆ ಯಾರಿರುತ್ತಾರೆ ಯಾರಿಲ್ಲ ಅಂದ ಲಕ್ಷ್ಮಯ್ಯ.

"ನೀವು ಹೇಳೋದು ಸರಿ ಯಜಮಾನ್ರೆ, ನಿಮಗೆ ಆಗ ತೊಂಬತ್ತು," ಅಂದಳು ಭುವನಾ. "ಆದ್ರೆ ಈ ಕೋಣೇಲಿ ಮಲಗೋ ಮಗೂಗೆ ಬರೀ ಮೂವತ್ತು. ಅದರ ಮಡಿಲಲ್ಲೂ ಆಗ ಒಂದು ಮಗು ಇರುತ್ತೆ."

ಲಕ್ಷ್ಮಯ್ಯ ಸುತ್ತಿಗೆ ಕೆಳಗಿಟ್ಟ. ಮೊಮ್ಮಗು ಮಲಗುವ ನೆಲದಡಿಗೆ ತಾನೇ ಇದನ್ನು ಕುಟ್ಟಿ ತುಂಬಲು ಹೊರಟಿದ್ದೆನಲ್ಲ ಅಂತ ಅವನಿಗೆ ಮೊದಲ ಸಲ ಭಯವಾಯಿತು.

ಭಯ ಆಯಿತು, ಸರಿ. ಭಾನುವಾರದ ಮುಯ್ಯಾಳಿನ ಗತಿ? ಕರೆದವರನ್ನು ಬರಬೇಡಿ ಅನ್ನುವುದು ಆ ಊರಲ್ಲಿ ಮುಖಕ್ಕೆ ಹೊಡೆದಂತೆ. ಈ ಒಂದು ಸಲ ಹಳೆ ರೀತಿಯಲ್ಲೇ ಮುಗಿಸಿಬಿಡೋಣ ಅಂತ ಮೆಲ್ಲಗೆ ಗೊಣಗಿದ. ಚಿಕ್ಕಹನುಮಕ್ಕ ಪೊರಕೆ ಮೂಲೆಗಿಟ್ಟು ಅವನ ಎದುರಿಗೆ ಬಂದು ನಿಂತಳು.

"ಮುಯ್ಯಿ ಕೆಟ್ರೆ ಇನ್ನೊಂದ್ ದಪ ತೀರುಸ್ಬೋದು ಕಣಯ್ಯ. ಕೂಸಿನ ಉಸ್ರು ಕೆಟ್ರೆ ಯಾರ್ ತಂದ್ಕೊಟ್ಟಾರು?"

ಲಕ್ಷ್ಮಯ್ಯ ಸುತ್ತಿಗೆ ಎತ್ತಿ ಒಳಗಿಟ್ಟು ಬಂದ.

ರೋಗದ ವಿಷಯ ತನಗೆ ಗೊತ್ತು, ಸೂರು ಇಳಿಸುವ ವಿಷಯ ಗೊತ್ತಿಲ್ಲ ಅಂತ ಭುವನಾ ಶಿರಾದ ಗೌರೀಶನಿಗೆ ಫೋನು ಮಾಡಿದಳು. ಹಳೆ ಕಟ್ಟಡ ದುರಸ್ತಿ ಮಾಡಿಸುವ ಎಂಜಿನಿಯರು ಅವನು. ಶನಿವಾರ ಬಂದವನು ಸುತ್ತಿಗೆ ಮುಟ್ಟದೆ ಮನೆಯನ್ನೆಲ್ಲ ಒಂದು ಸುತ್ತು ಹಾಕಿ, ಯಾವುದನ್ನು ಯಾವಾಗ ಹಾಕಿಸಿದ್ದು ಅಂತ ಕೇಳಿಕೊಂಡ. ಸೂರೊಂದೇ ಅಲ್ಲ, ಮಳೆನೀರು ಇಳಿಯುವ ಹಳೆ ಪೈಪು, ಬಚ್ಚಲ ತೊಟ್ಟಿಗೆ ಮುಚ್ಚಿದ್ದ ಶೀಟಿನ ತುಂಡು, ಎಲ್ಲವನ್ನೂ ಗುರುತು ಮಾಡಿದ. ಕಲ್ನಾರು ಇದೆಯೋ ಇಲ್ಲವೋ ಬರಿಗಣ್ಣಿಗೆ ಹೇಳಲಾಗದು, ಪ್ರಯೋಗಾಲಯದಲ್ಲೇ ಗೊತ್ತಾಗುವುದು. ಗೊತ್ತಾಗುವವರೆಗೂ ಹಳೆ ಶೀಟಿನಲ್ಲಿ ಇದೆ ಅಂತಲೇ ನಡೆದುಕೊಳ್ಳಬೇಕು ಅಂದ. ಶೀಟು ಗಟ್ಟಿಯಾಗಿದ್ದರೆ ಮುಟ್ಟದೆ ಬಿಡಬಹುದಿತ್ತಂತೆ. ಇದು ಒಡೆದು ಪುಡಿ ಉದುರುತ್ತಿದ್ದುದರಿಂದ ತೆಗೆಯಲೇಬೇಕಿತ್ತು. ತೆಗೆಯಲು ಈ ಕೆಲಸ ಕಲಿತವರನ್ನೇ ಕರೆತರುತ್ತೇನೆ ಅಂದ. ಅವತ್ತು ಸಂಜೆಯೇ ಶ್ರೀಲತಾಳನ್ನು ಮದಲೂರಿನ ಚಿಕ್ಕಮ್ಮನ ಮನೆಗೆ ಕಳಿಸಿದರು.

ಭಾನುವಾರ ಮುಯ್ಯಾಳುಗಳು ಬಂದರು. ಮುಂದೆ ಸಣ್ಣರಂಗಯ್ಯ, ಹೆಗಲ ಮೇಲೆ ಸುತ್ತಿಗೆ. ಹೋದ ವರ್ಷ ಅವನ ಮನೆಯ ಸೂರು ಒಡೆದು ಕೊಟ್ಟವನು ಲಕ್ಷ್ಮಯ್ಯನೇ. ಇವತ್ತು ಯಾರೂ ಸುತ್ತಿಗೆ ಎತ್ತುವಂತಿಲ್ಲ ಅಂತ ತಿಳಿದು ಅವನ ಮುಖ ಗಂಟಾಯಿತು.

"ನಮ್ಮನೇದು ಒಡೆಯಾವಾಗ ಇಲ್ದೆ ಇದ್ ರೋಗ ನಿಮ್ಮನೇದಕ್ಕೆ ಎಲ್ಲಿಂದ ಬಂತು ಭಾವ? ನಿನ್ ಮೊಮ್ಮಗ ಏನ್ ಅರಮನೇಲಿ ಉಟ್ತಾನಾ?"

ಎಲ್ಲರೂ ಲಕ್ಷ್ಮಯ್ಯನ ಮುಖ ನೋಡಿದರು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಆದರೂ ನುಂಗಿಕೊಳ್ಳದೆ ಹೇಳಿಬಿಟ್ಟ.

"ನಿಮ್ಮನೇದು ಒಡ್ದೋನು ನಾನೇ ಕಣ್ಲಾ, ಅದಕ್ಕೇ ಯೋಳ್ತಿರಾದು. ನಿಮ್ಮಟ್ಟಿ ಹಿಂದೆ ಚೂರು ಇನ್ನೂ ಬಿದ್ದವೆ, ಐಕ್ಳು ಅದ್ರಲ್ಲೇ ಗೆರೆ ಎಳ್ಕಂಡು ಕುಂಟಾಬಿಲ್ಲೆ ಆಡ್ತವೆ. ಗೌರೀಶಪ್ಪನ್ನ ಕರ್ಕಂಡು ಬಂದು ನಾನೇ ಅದ್ನ ತೆಗೆಸ್ಕೊಡ್ತೀನಿ. ಅದೇ ನನ್ ಮುಯ್ಯಿ."

ಸಣ್ಣರಂಗಯ್ಯನ ಮನೆಯಲ್ಲೂ ಆಡುವ ಮಕ್ಕಳಿದ್ದವು. ಸುತ್ತಿಗೆಯನ್ನು ಗೋಡೆಗೆ ಒರಗಿಸಿ, ಹಂಗಾರೆ ನಮಗೇನು ಕೆಲಸ ಹೇಳು ಅಂದ.

ಕೆಲಸಕ್ಕೇನು ಬರವಿರಲಿಲ್ಲ. ಮುಯ್ಯಾಳುಗಳು ನೀರು ತುಂಬಿಕೊಟ್ಟರು, ಮಕ್ಕಳು, ಕುರಿಗಳನ್ನು ಆಚೆ ಕಳಿಸಿದರು, ಅಕ್ಕಪಕ್ಕದ ಕಿಟಕಿಗಳನ್ನು ಮುಚ್ಚಿಸಿ ದೂರ ನಿಂತರು. ಗೌರೀಶನ ಕಡೆಯವರು ಮೈಮುಚ್ಚುವ ಬಟ್ಟೆ, ಕೈಗವಸು, ನಾರು ತಡೆಯುವ ಫಿಲ್ಟರ್ ಮಾಸ್ಕು ಹಾಕಿಕೊಂಡರು. ಟವೆಲು ಕಟ್ಟಿಕೊಂಡರೆ ಸಾಕಾಗುವುದಿಲ್ಲವಂತೆ. ಮುರಿದು ಬೀಳುವ ಶೀಟಿನ ಮೇಲೆ ಕಾಲಿಡದೆ, ಏಣಿಯಿಂದಲೇ ಶೀಟಿಗೆಲ್ಲ ನೀರು ಹೊಡೆದು, ಬೋಲ್ಟು ಬಿಚ್ಚಿ, ಇಡೀ ಶೀಟನ್ನೇ ಮೆಲ್ಲಗೆ ಇಳಿಸಿದರು. ಶುಕ್ರವಾರ ಕುಟ್ಟಿದ ಪುಡಿಯನ್ನೂ ಒದ್ದೆ ಮಾಡಿಯೇ ಎತ್ತಿದರು. ಯಾರೂ ಪೊರಕೆ ಮುಟ್ಟಲಿಲ್ಲ. ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ಅಪಾಯ ಅಂತ ಬರೆದು, ಮಾರನೆ ದಿನ ಪಂಚಾಯಿತಿಯಲ್ಲಿ ವಿಚಾರಿಸಿ ಇಂಥ ಕಸಕ್ಕೆಂದೇ ಇರುವ ಜಾಗಕ್ಕೆ ಸಾಗಿಸಿದರು. ಆಮೇಲೆಯೇ ಮುಯ್ಯಾಳುಗಳು ಗೋಡೆಗೆ ಕೈ ಹಾಕಿದ್ದು. ನೆಲದ ಅಡಿಗೆ ಜಲ್ಲಿ ತುಂಬಿದರು, ಮೇಲೆ ಹೊಸ ಹಂಚಿನ ಸೂರು ಹೊದಿಸಿದರು.

ಶ್ರೀಲತಾಗೆ ಹೆಣ್ಣುಮಗು. ಲಕ್ಷ್ಮಯ್ಯ ದಿನಕ್ಕೆ ಎಷ್ಟು ಸಲ ಆ ಕೋಣೆಗೆ ಹೋಗುತ್ತಾನೋ ಲೆಕ್ಕವಿಲ್ಲ. ಮಲಗಿದ ಕೂಸಿನ ಎದೆ ಏಳುವುದನ್ನು, ಇಳಿಯುವುದನ್ನು ನೋಡುತ್ತಾ ನಿಂತುಬಿಡುತ್ತಾನೆ. ಚಿಕ್ಕಹನುಮಕ್ಕ ಬೈದು ಕಳಿಸಬೇಕು.

ಅಕ್ಕ, ಅಣ್ಣ, ನಿಮ್ಮ ಮನೆಯ ಮೇಲೂ ಹಳೆ ಶೀಟು ಇರಬಹುದು. ಗಟ್ಟಿಯಾಗಿದ್ದರೆ ಹೆದರಬೇಡಿ, ಕೊರೆಯಬೇಡಿ, ಉಜ್ಜಬೇಡಿ, ಹಾಗೇ ಬಿಡಿ. ಮನೆ ದುರಸ್ತಿಗೆ ಕೈ ಹಾಕುವ ಮುಂಚೆ ಮಾತ್ರ ತಿಳಿದವರನ್ನು ಕರೆಸಿ, ಎಲ್ಲೆಲ್ಲಿ ಕಲ್ನಾರು ಇರಬಹುದು ಅಂತ ಗುರುತು ಮಾಡಿಸಿಕೊಳ್ಳಿ. ಒಡೆದ ಚೂರನ್ನು ನೆಲಕ್ಕೆ ತುಂಬಬೇಡಿ, ಮಕ್ಕಳ ಕೈಗೆ ಕೊಡಬೇಡಿ, ಬೀದಿಗೆ ಎಸೆಯಬೇಡಿ. ನಿಮ್ಮ ಆರೋಗ್ಯ ಕೇಂದ್ರದಲ್ಲಿ ಕೇಳಿ, ಪಂಚಾಯಿತಿಯಲ್ಲಿ ಕೇಳಿ. ನಾಲ್ಕು ದಿನ ತಡವಾದರೂ ಮನೆ ಎದ್ದು ನಿಲ್ಲುತ್ತದೆ. ಇವತ್ತು ನೀವು ಎಬ್ಬಿಸಿದ ಧೂಳಿಗೆ ನಿಮ್ಮ ಮಗು ಉಸಿರು ತೆರಬೇಕಾಗಿ ಬಂದರೆ, ಆಗ ಉತ್ತರ ಹೇಳಲು ನಾವು, ನೀವು ಇರುವುದಿಲ್ಲ.