ಬೋರ್ಡಿಗೆ ಹಾಕಿದ ಗಾಜು

ನಮ್ಮ ಬಡಾವಣೆಯಲ್ಲಿ ನೋಡುವಂಥ ಜಾಗಗಳು ನಾಲ್ಕು: ಹೊಗೆ ಬಿಡದ ಹೊಗೆಗೊಳವೆ, ಬಣ್ಣದ ನೀರು ಬತ್ತಿದ ತೊಟ್ಟಿ, ಒಂದಕ್ಕೊಂದು ಅಂಟಿಕೊಂಡ ಕಾರ್ಮಿಕರ ಮನೆಗಳು, ಮತ್ತು ಮೂರನೇ ಶೆಡ್ಡು. ಬಟ್ಟೆ ಗಿರಣಿ ನಡೆಯುತ್ತಿದ್ದಾಗ ಇತ್ತ ಮೂಗು ಮುಚ್ಚಿಕೊಂಡು ಓಡುತ್ತಿದ್ದವರ ಮಕ್ಕಳು ಈಗ ಟಿಕೆಟ್ ಕೊಂಡು ಬಂದು, ಆಹಾ ಎಷ್ಟು ಹಳೇದು ಎನ್ನುತ್ತಾರೆ. ಅವರನ್ನು ಸುತ್ತಾಡಿಸುವ ಗೈಡು ನಾನು.

ಮೂರನೇ ಶೆಡ್ಡಿನಲ್ಲಿ, ಬಂದವರಿಗೆ ತೋರಿಸಲೆಂದು, ಒಂದು ಮಗ್ಗ ಇನ್ನೂ ಓಡುತ್ತದೆ. ಅದನ್ನು ಓಡಿಸುವವಳು ನನ್ನ ಚಿಕ್ಕಮ್ಮ. ಅಮ್ಮ ಸತ್ತಾಗ ನನಗೆ ಎರಡು ವರ್ಷ, ಸಾಕಿದವಳು ಇವಳೇ. ಮಗ್ಗದ ಸದ್ದಿಗೆ ಅವಳ ಕಿವಿ ಪೂರ್ತಿ ಹೋಗಿದೆ. ಆದರೆ ಮಾತು ತಪ್ಪಿಸಿಕೊಳ್ಳುವುದಿಲ್ಲ. ಅರವತ್ತು ಮಗ್ಗಗಳ ಗದ್ದಲದಲ್ಲಿ ಏನೂ ಕೇಳುತ್ತಿರಲಿಲ್ಲವಾದ್ದರಿಂದ ಇಲ್ಲಿಯ ಹೆಂಗಸರು ತುಟಿ ನೋಡಿಯೇ ಮಾತಾಡಿಕೊಳ್ಳುತ್ತಿದ್ದರು. ಆ ತುದಿಯಲ್ಲಿ ಒಬ್ಬಳು ಬಾಯಾಡಿಸಿದರೆ ಈ ತುದಿಯಲ್ಲಿ ಇನ್ನೊಬ್ಬಳು ನಗುತ್ತಿದ್ದಳು. ಮೇಸ್ತ್ರಿಯನ್ನು ಅವನ ಎದುರಿಗೇ ಬೈಯುತ್ತಿದ್ದರಂತೆ, ಪಾಪ, ಅವನೂ ನಗುತ್ತಿದ್ದನಂತೆ. ಚಿಕ್ಕಮ್ಮ ನನಗೂ ಅದನ್ನು ಕಲಿಸಿದ್ದಾಳೆ. ಮನೆಯಲ್ಲಿ ನಮ್ಮದು ಸದ್ದಿಲ್ಲದ ಸಂಸಾರ.

ಈಗ ನನ್ನ ಹೇಡಿತನಕ್ಕೆ ಬರುತ್ತೇನೆ. ಶೆಡ್ಡಿನ ಗೋಡೆಯ ಮೇಲೊಂದು ಬೋರ್ಡಿದೆ. ಅದರಲ್ಲಿರುವುದನ್ನು ಒಂದಕ್ಷರ ಬಿಡದೆ ಹೇಳಬೇಕೆಂದು, ಈಗ ಗಿರಣಿಯನ್ನು ನೋಡಿಕೊಳ್ಳುವ ಟ್ರಸ್ಟಿನ ಆಜ್ಞೆ. ‘ಒಬ್ಬ ಕೆಲಸಗಾರ್ತಿಯ ಅಜಾಗರೂಕತೆಯಿಂದ ಇಲ್ಲಿ ಬೆಂಕಿ ಬಿದ್ದು ಐದು ಜನ ಅಸುನೀಗಿದರು.’ ಆ ಕೆಲಸಗಾರ್ತಿ ನನ್ನ ಅಮ್ಮ. ಹೆಣದ ಪಕ್ಕ ಎಣ್ಣೆಡಬ್ಬಿ ಸಿಕ್ಕಿತ್ತು, ಸಾಕ್ಷಿ ಅಷ್ಟೇ. ಸತ್ತವರ ಮೇಲೆ ಗೂಬೆ ಕೂರಿಸಿದರೆ ಅವರೇನು ಎದ್ದು ಬಂದು ಓಡಿಸುತ್ತಾರೆಯೇ?

ಚಿಕ್ಕಮ್ಮ ಕಣ್ಣಾರೆ ಕಂಡದ್ದು ಬೇರೆ. ಪಾಳಿ ಮುಗಿಯುವ ಮುಂಚೆ ಯಾರೂ ಜಾರಿಕೊಳ್ಳದಿರಲೆಂದು ಬಾಗಿಲಿಗೆ ಹೊರಗಿನಿಂದ ಬೀಗ ಹಾಕುತ್ತಿದ್ದರು. ಹೊಗೆಯೆದ್ದಾಗ ಬಾಗಿಲ ಬಳಿ ಇದ್ದವಳು ಅಮ್ಮ. ಎಳೆದು ನೋಡಿದಳು, ಬರಲಿಲ್ಲ. ಮಗ್ಗದ ಮೇಲೆ ಹತ್ತಿ ನಿಂತು, ‘ಬೀಗ ಹಾಕಿದೆ, ಕಿಂಡಿ ಕಡೆ ಓಡಿ’ ಎಂದು ತುಟಿಯಾಡಿಸಿದಳು. ಶೆಡ್ಡಿನ ಆ ತುದಿಯಲ್ಲಿದ್ದ, ಬಟ್ಟೆ ಇಳಿಸುವ ಕಿಂಡಿಯಿಂದ ಹನ್ನೊಂದು ಹೆಂಗಸರು ಹೊರಬಿದ್ದರು. ಅವರಲ್ಲಿ ಚಿಕ್ಕಮ್ಮನೂ ಒಬ್ಬಳು. ಅಮ್ಮನಿಗೆ ಅಷ್ಟು ದೂರ ಬರಲಾಗಲಿಲ್ಲ.

ಇದೆಲ್ಲ ಗೊತ್ತಿದ್ದೂ ಆರು ವರ್ಷದಿಂದ ಆ ಸಾಲನ್ನು ಹೇಳುತ್ತಿದ್ದೇನೆ. ನಾವಿರುವ ಮನೆ ಟ್ರಸ್ಟಿನದು. ನನ್ನ ಕೆಲಸ ಇರುವವರೆಗೆ ಮಾತ್ರ ಮನೆ. ಹೇಳುವಾಗ ಬೋರ್ಡಿನ ಕಡೆ ತಿರುಗಿ ಚಿಕ್ಕಮ್ಮನಿಗೆ ಬೆನ್ನು ಹಾಕುತ್ತೇನೆ. ಅವಳಿಗೆ ಓದು ಬಾರದು. ನನ್ನ ತುಟಿ ಕಾಣದಿದ್ದರೆ ಸಾಕು. ಮೈಕಿದ್ದರೂ ಮಗ್ಗದ ಸದ್ದಿಗೆ ಹಿಂದೆ ನಿಂತವರಿಗೆ ಏನೂ ಕೇಳುವುದಿಲ್ಲ. ‘ಏನಂತೆ, ಏನಂತೆ?’ ಎನ್ನುತ್ತಾರೆ. ಮುಂದಿನವರು ಹಿಂದಕ್ಕೆ ತಿರುಗಿ, ದೊಡ್ಡದಾಗಿ ಬಾಯಿ ತೆರೆದು, ಹೇಳಿದ್ದನ್ನೇ ಹೇಳುತ್ತಾರೆ. ದಿನವೂ ಇದೇ ಗೊಂದಲ.

ಸೋಮವಾರ ಬೆಳಗ್ಗೆ ಟ್ರಸ್ಟಿನ ಅಧ್ಯಕ್ಷರು ನನ್ನನ್ನು ಪರೀಕ್ಷಿಸಲು ಬಂದರು. ಗಿರಣಿ ಮಾಲೀಕರ ಮೊಮ್ಮಗ. ನಾನು ಹೇಳಬೇಕಾದದ್ದೆಲ್ಲ ಅವರ ಕೈಯ ಹಾಳೆಯಲ್ಲಿತ್ತು. ಒಂದೊಂದು ಸಾಲಿನ ಮೇಲೂ ಬೆರಳಿಟ್ಟುಕೊಂಡು, ಟಿಕೆಟ್ ಕೊಂಡು ಬಂದ ಜನರ ಜೊತೆಯಲ್ಲೇ ನಡೆದರು.

“ಒಬ್ಬೊಬ್ಬ ಗೈಡು ಒಂದೊಂದು ಕಥೆ ಹೇಳ್ತಾನೆ ಅಂತ ದೂರು ಬಂದಿದೆ. ಇದರಲ್ಲಿ ಇಲ್ಲದ್ದು ಒಂದು ಮಾತೂ ಬರಬಾರದು, ತಿಳೀತಾ?” ಎಂದರು.

“ಬರಲ್ಲ ಸಾರ್,” ಎಂದೆ. ಹೊಗೆಗೊಳವೆ, ತೊಟ್ಟಿ, ಮನೆಗಳು, ಎಲ್ಲವನ್ನೂ ಗಿಣಿಪಾಠ ಒಪ್ಪಿಸಿದೆ. ಬೆರಳು ಇಳಿಯುತ್ತಾ ಹೋಯಿತು.

ಶೆಡ್ಡಿಗೆ ಬಂದೆವು. ಮಗ್ಗ ಓಡುತ್ತಿತ್ತು. ಎಂದಿನಂತೆ ಬೋರ್ಡಿನ ಕಡೆ ತಿರುಗಿದೆ. ಅಧ್ಯಕ್ಷರು ಬರುತ್ತಾರೆಂದು ಯಾರೋ ಬೋರ್ಡಿಗೆ ಹೊಸ ಗಾಜು ಹಾಕಿಸಿದ್ದರು. ಗಾಜಿನಲ್ಲಿ ನನ್ನ ಮುಖ, ಹೆಗಲ ಹಿಂದೆ ಜನ, ಜನರ ಹಿಂದೆ ಚಿಕ್ಕಮ್ಮ. ಅವಳ ಕೈ ನೂಲಿನ ಮೇಲಿತ್ತು. ಕಣ್ಣು ಗಾಜಿನೊಳಗಿನ ನನ್ನ ಬಾಯಿಯ ಮೇಲೆ.

“ಒಬ್ಬ ಕೆಲಸಗಾರ್ತಿಯ…” ಎಂದೆ. ಅಲ್ಲಿಗೇ ನಿಲ್ಲಿಸಿದೆ.

“ಹೇಳಿ, ಮುಂದೆ ಹೇಳಿ,” ಎಂದರು ಅಧ್ಯಕ್ಷರು. ಬೆರಳು ಅದೇ ಸಾಲಿನ ಮೇಲೆ ನಿಂತಿತ್ತು.

ಕೆಮ್ಮಿದೆ. ನಮ್ಮ ಮನೆಯ ಕಿಟಕಿ, ಅದರ ಕೆಳಗಿನ ಚಿಕ್ಕಮ್ಮನ ಹಾಸಿಗೆ ಕಣ್ಣ ಮುಂದೆ ಬಂದವು. ಈ ವಯಸ್ಸಿನಲ್ಲಿ ಅವಳನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ? ಗಾಜಿನಲ್ಲಿ ಅವಳು ರೆಪ್ಪೆ ಮಿಟುಕಿಸಲಿಲ್ಲ. ಅವಳು ನೋಡುತ್ತಿರುವಾಗ ಆ ಮಾತು ನನ್ನ ಬಾಯಿಂದ ಬರುವುದು ಸಾಧ್ಯವೇ ಇರಲಿಲ್ಲ. ನಾನು ಪೂರ್ತಿ ತಿರುಗಿ ಅವಳಿಗೆ ಮುಖ ಕೊಟ್ಟು ನಿಂತೆ.

“ಒಬ್ಬ ಕೆಲಸಗಾರ್ತಿಯಿಂದ ಇಲ್ಲಿ ಹನ್ನೊಂದು ಜನ ಬದುಕಿಕೊಂಡ್ರು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಅವಳು ನನ್ನ ಅಮ್ಮ.”

ಮಗ್ಗ ನಿಂತಿತು.

“ಇದು ಎಲ್ಲಿ ಬರೆದಿದೆ?” ಅಧ್ಯಕ್ಷರು ಹಾಳೆ ಮಗುಚಿ ನೋಡಿದರು.

“ಎಲ್ಲೂ ಬರೆದಿಲ್ಲ ಸಾರ್. ಅದಕ್ಕೇ ಹೇಳ್ತಾ ಇದ್ದೀನಿ.”

“ನಾಳೆಯಿಂದ ನೀವು ಬರೋದು ಬೇಡ. ತಿಂಗಳೊಳಗೆ ಮನೆ ಖಾಲಿ ಮಾಡಿ,” ಎಂದು ಹಾಳೆ ಮಡಚಿ ಹೊರಟರು. ಜನ ಮುಖ ಮುಖ ನೋಡಿಕೊಂಡು ಹಿಂದೆಯೇ ಹೋದರು.

ಚಿಕ್ಕಮ್ಮನ ಬಳಿ ಹೋಗಿ ತುಟಿಯಾಡಿಸಿದೆ. “ಮನೆ ಹೋಯ್ತು. ನನ್ನನ್ನ ಕ್ಷಮಿಸು. ಆರು ವರ್ಷ ಅಮ್ಮನ ಮೇಲೆ ಸುಳ್ಳು ಹೇಳಿದೆ, ನಿನಗೆ ಗೊತ್ತಾಗದ ಹಾಗೆ.”

“ಗೊತ್ತಾಗದ ಹಾಗಾ?” ಅವಳ ತುಟಿ ಮಾತ್ರ ಆಡಿತು. “ನೀನು ಬೆನ್ನು ತಿರುಗಿಸ್ತಿದ್ದೆ. ಜನ ನನ್ನ ಕಡೆಗೇ ತಿರುಗಿ ಹೇಳ್ಕೋತಿದ್ರಲ್ಲೋ, ಒಬ್ಬ ಹೆಂಗಸಿನ ತಪ್ಪಂತೆ ಅಂತ.”

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಗಿತ್ತು ನನ್ನ ಜಾಣತನ. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಅವಳು ಗಲ್ಲ ಹಿಡಿದು ನನ್ನ ಮುಖವನ್ನು ತನ್ನ ಕಡೆಗೆತ್ತಿಕೊಂಡಳು.

“ಮನೇಲಿ ಒಂದು ಮಾತು ಹೇಳಬಾರದಿತ್ತಾ?” ಎಂದೆ.

“ದಣಿದು ಬಂದು ಊಟಕ್ಕೆ ಕೂತವನಿಗೆ ಹೇಗೆ ಹೇಳ್ಲಿ? ಇಲ್ಲೇ ಹೇಳ್ತಿದ್ದೆ. ನನ್ನಕ್ಕನ ಹೆಸರು ಕೆಡಿಸಬೇಡ ಮಗಾ ಅಂತ, ದಿನಾ, ನಿನ್ನ ಬೆನ್ನಿಗೆ.”