ಬಾಗಿಲಿದ್ದ ಗೋಡೆ

ಮ್ಯೂಸಿಯಂನಲ್ಲಿ ಅವನನ್ನು ಎಲ್ಲರೂ ರಸಮಟ್ಟ ಅಂತಲೇ ಕರೆಯುತ್ತಿದ್ದರು. ಗೋಡೆಗೆ ಚಿತ್ರ ತೂಗುಹಾಕುವುದು ಅವನ ಕೆಲಸ. ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ ಪುಟ್ಟ ರಸಮಟ್ಟವೊಂದು ಅವನ ಜೇಬಿನಲ್ಲಿ ಸದಾ ಇರುತ್ತಿತ್ತು, ಆದರೆ ಅದನ್ನು ಹೊರಗೆ ತೆಗೆಯುವ ಪ್ರಸಂಗವೇ ಕಡಿಮೆ. ಚೌಕಟ್ಟು ಕೂದಲೆಳೆಯಷ್ಟು ವಾಲಿದ್ದರೂ ಅವನ ಕಣ್ಣಿಗೆ ಗೊತ್ತಾಗಿಬಿಡುತ್ತಿತ್ತು. ಕಾಯಿಲೆಯವರನ್ನು ನೋಡಲು ಹೋದರೂ ಮೊದಲು ಅವರ ಗೋಡೆಯ ಕ್ಯಾಲೆಂಡರ್ ಸರಿಮಾಡಿ, ಆಮೇಲೆ ಹೇಗಿದ್ದೀರಿ ಅನ್ನುವ ಪೈಕಿ. ಇಂಥ ಕಣ್ಣು ಇರುವುದು ಪುಣ್ಯ ಅಂತ ಅವನೂ ಅಂದುಕೊಂಡಿದ್ದ, ಹೊಸ ಪ್ರದರ್ಶನ ಉದ್ಘಾಟನೆಯಾದ ಆ ಸಂಜೆಯವರೆಗೆ.

ಸಭಾಂಗಣ ಜನರಿಂದ ಗಿಜಿಗುಡುತ್ತಿತ್ತು. ಕೆಲಸದವರೂ ಮನೆಯವರನ್ನು ಕರೆತರಬಹುದು ಅಂತ ಮ್ಯೂಸಿಯಂ ನಡೆಸುವ ಮೇಡಂ ಹೇಳಿದ್ದರಿಂದ ಅವನ ಅಮ್ಮ ಬಂದಿದ್ದಳು, ಅಕ್ಕ ಬಂದಿದ್ದಳು. ಅಕ್ಕನ ಗಂಡನಂತೂ ಅಲ್ಲೇ ಬಡಗಿ; ಭಾವ ಗೋಡೆ ಕಟ್ಟುವುದು, ಇವನು ಅದಕ್ಕೆ ತೂಗುಹಾಕುವುದು, ವರ್ಷಗಟ್ಟಲೆ ನಡೆದುಬಂದ ಜೋಡಿ. ರಸಮಟ್ಟ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಯಲ್ಲಿ ಹಣ್ಣಿನ ರಸದ ಲೋಟ ಹಿಡಿದು, ಸುಮ್ಮನೆ ಎದುರಿನ ದೊಡ್ಡ ಕೃತಿಯ ಕಡೆ ಕಣ್ಣು ಹಾಯಿಸಿದ. ಬಲಗಡೆಯ ಮೇಲಿನ ಮೂಲೆ ಒಂದು ದಾರದಷ್ಟು ಕೆಳಗಿಳಿದಿತ್ತು.

ಮಧ್ಯಾಹ್ನ ಅದು ಸರಿಯಾಗಿತ್ತು. ಅವನೇ ನೋಡಿದ್ದ.

ಕೃತಿ ಅಂದರೆ ಸಾಮಾನ್ಯದ್ದಲ್ಲ. ಕಬ್ಬಿಣದ ತಗಡಿನ ಮೇಲೆ ಹಳೇ ಬೀಗಗಳನ್ನು ಒತ್ತೊತ್ತಾಗಿ ಬೆಸುಗೆ ಹಾಕಿದ್ದ ಫಲಕ, ಆಳಿಗಿಂತ ಎತ್ತರ, ಅದರ ಎರಡರಷ್ಟು ಅಗಲ. ಕೆಳಗಿನ ಅಂಚು ಎದೆಮಟ್ಟಕ್ಕೆ ಬರುವಂತೆ ತೂಗುಹಾಕಿದ್ದರು. ಎತ್ತುವಾಗ ಗಟ್ಟಿಮುಟ್ಟಾದ ಗಂಡಸರೆಲ್ಲ ಏದುಸಿರು ಬಿಟ್ಟಿದ್ದರು. ಕೃತಿಯ ಹೆಸರು ‘ಹೆಸರಿಲ್ಲದ್ದು’. ಇಷ್ಟು ಬೀಗ ಹುಡುಕಿ ತಂದವನಿಗೆ ಒಂದು ಹೆಸರು ಸಿಗಲಿಲ್ಲವಾ, ಯಾಕೆ, ಅಂತ ಅಮ್ಮ ಬಂದ ತಕ್ಷಣ ಕೇಳಿದ್ದಳು. ಅವಳು ಹಾಗೇ. ಡಾಕ್ಟರು ನಾಲಿಗೆ ಚಾಚಿ ಅಂದರೂ ಯಾಕೆ ಅನ್ನುವವಳು. ಭಾವ ಹೊಸ ಅಳಿಯನಾಗಿದ್ದಾಗ ತಡವಾಗಿ ಬಂದರೆ ಅವಳು ಬೈಯುತ್ತಿರಲಿಲ್ಲ, ಮೆತ್ತಗೆ ಯಾಕೆ ಅಂತ ಕೇಳುತ್ತಿದ್ದಳು. ಆ ಒಂದು ಪದಕ್ಕೆ ಪಾಪ ಆ ಮನುಷ್ಯ ಬೆವೆತುಹೋಗುತ್ತಿದ್ದ.

ಕೃತಿಯ ಮುಂದೆ, ತೀರಾ ಹತ್ತಿರದಲ್ಲೇ, ಒಂದು ಮರದ ಬೆಂಚು ಹಾಕಿಸಿದ್ದರು. ನೋಡುವವರಿಗೆ ಭಾರ ಮೈಗೆ ತಾಗಬೇಕು ಅನ್ನುವುದು ಕಲಾವಿದನ ಆಸೆ. ಮಂಡಿ ನೋವಿನ ಅಮ್ಮ ಈಗ ಆ ಬೆಂಚಿನ ಮೇಲೆ ಕೂತಿದ್ದಳು.

ಹೊಸ ಬಣ್ಣ ಒಣಗುವಾಗ ಕಣ್ಣಿಗೆ ಹಾಗೆಲ್ಲ ಕಾಣುತ್ತೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡು ರಸಮಟ್ಟ ಹತ್ತಿರ ಹೋದ. ಫಲಕದ ಬಲಭಾಗದ ಕೆಳಗೆ, ಬಿಳಿ ಗೋಡೆಯ ಮೇಲೆ, ಒಂದು ಗೆರೆ ಎದ್ದಿತ್ತು. ಸಣ್ಣದು, ಪೆನ್ಸಿಲಿನಲ್ಲಿ ಎಳೆದಂಥದ್ದು, ನೆಲದಿಂದ ನೆಟ್ಟಗೆ ಮೇಲಕ್ಕೆ ಹೋಗಿ ಬೀಗಗಳ ಹಿಂದೆ ಮರೆಯಾಗುತ್ತಿತ್ತು. ಅದರಿಂದ ಒಂದು ಮಾರು ಆಚೆಗೆ ಇನ್ನೊಂದು, ಅದೂ ನೆಟ್ಟಗೆ. ಎರಡರ ನಡುವೆ ಒಂದು ಅಗಲವಾದ ಬಾಗಿಲಿನಷ್ಟು ಜಾಗ.

ಬಾಗಿಲು!

ಇಲ್ಲಿ ಒಂದು ಮಾತು ಹೇಳಬೇಕು. ಆ ಮ್ಯೂಸಿಯಂನ ಗೋಡೆಗಳು ನಮ್ಮ ನಿಮ್ಮ ಮನೆಯ ಗೋಡೆಗಳ ಹಾಗಲ್ಲ. ಪ್ರದರ್ಶನ ಬಂತು ಅಂದರೆ ಗೋಡೆ ಬಂತು, ಪ್ರದರ್ಶನ ಹೋಯಿತು ಅಂದರೆ ಗೋಡೆಯೂ ಹೋಯಿತು. ಮರದ ಚೌಕಟ್ಟು ನಿಲ್ಲಿಸಿ, ಎರಡೂ ಕಡೆ ತೆಳ್ಳನೆಯ ಬೋರ್ಡು ಹೊಡೆದು, ಬಿಳಿ ಬಣ್ಣ ಬಳಿದರೆ ಕಾಂಕ್ರೀಟ್ ಗೋಡೆಯೂ ನಾಚಬೇಕು. ಭಾರದ ಕೃತಿ ಬರುವ ಕಡೆ ಮಾತ್ರ ಬೋರ್ಡಿನ ಹಿಂದೆ ದಪ್ಪ ಹಲಗೆ ಕೂರಿಸಬೇಕು, ಬೋಲ್ಟು ಕಚ್ಚಿಕೊಳ್ಳುವುದು ಆ ಹಲಗೆಯನ್ನು. ಇನ್ನು ಕೆಲಸದವರ ಅಭ್ಯಾಸ ಏನಪ್ಪಾ ಅಂದರೆ, ಒಂದು ಪ್ರದರ್ಶನ ಮುಗಿದ ಕೂಡಲೇ ಅದನ್ನು ತಲೆಯಿಂದ ಅಳಿಸಿಬಿಡುವುದು. ಹಿಂದೆ ಎಲ್ಲಿ ಗೋಡೆಯಿತ್ತು, ಎಲ್ಲಿ ದಾರಿಯಿತ್ತು ಅಂತ ನೆನಪಿಟ್ಟುಕೊಂಡರೆ ಹಣೆ ಚಚ್ಚಿಕೊಳ್ಳಬೇಕಾಗುತ್ತೆ. ಹಾಗೆ ಅಳಿಸಿಕೊಂಡಿದ್ದ ರಸಮಟ್ಟನಿಗೆ ಈಗ ಎಲ್ಲವೂ ಒಟ್ಟಿಗೆ ನೆನಪಾಯಿತು. ಹಿಂದಿನ ಪ್ರದರ್ಶನದಲ್ಲಿ, ಈ ಸಲ ಕೆಡವದೆ ಉಳಿಸಿಕೊಂಡ ಈ ಗೋಡೆಯಲ್ಲೇ ಬಾಗಿಲಿತ್ತು. ಅದರಾಚೆ ಕತ್ತಲೆಯ ವಿಡಿಯೋ ಕೋಣೆ. ಅವನೇ ದಿನಾ ಆ ಬಾಗಿಲಲ್ಲಿ ಓಡಾಡಿದ್ದ, ಒಮ್ಮೆ ಅಲ್ಲೇ ಒರಗಿಕೊಂಡು ತೂಕಡಿಸಿಯೂ ಇದ್ದ. ಆ ಖಾಲಿ ಜಾಗಕ್ಕೆ ಬೋರ್ಡು ಹೊಡೆದು ಮುಚ್ಚಿದ್ದರು, ಮುಚ್ಚಿದ ಜಾಗಕ್ಕೆ ಅವನು ಬೋಲ್ಟು ಹೊಡೆದಿದ್ದ.

ಆದರೆ ಅವನು ಕೇಳದೆ ಹೊಡೆದಿರಲಿಲ್ಲ. ಫಲಕ ಮೊದಲು ಪಕ್ಕದ ಗೋಡೆಗೆ ಅಂತ ನಿಗದಿಯಾಗಿತ್ತು. ನಿನ್ನೆ ಕಲಾವಿದ ಬಂದು, ಬೇಡ, ಪ್ರವೇಶದ ಎದುರಿಗೇ ಇರಲಿ ಅಂದ. ಡ್ರಿಲ್ ಸಲೀಸಾಗಿ ಒಳಗೆ ಹೋದಾಗ ರಸಮಟ್ಟನಿಗೆ ಅನುಮಾನವೇ ಬಂದು, ಈ ಕಡೆ ಹಲಗೆ ಇದೆಯಾ ಅಂತ ಭಾವನನ್ನು ಕರೆದು ಕೇಳಿದ್ದ. ಭಾವ ತಲೆಯೆತ್ತದೆ, ‘ಇದೆ ಬಿಡು’ ಅಂದಿದ್ದ. ಇಲ್ಲ ಅಂದಿದ್ದರೆ ಬಣ್ಣ ಬಳಿದ ಗೋಡೆ ಒಡೆಯಬೇಕಿತ್ತು, ಉದ್ಘಾಟನೆ ಮುಂದೆ ಹೋಗುತ್ತಿತ್ತು. ಹೋದ ಸಲ ತಡಮಾಡಿದ್ದಕ್ಕೆ ಮೇಡಂ ಭಾವನಿಗೆ ಇನ್ನೊಮ್ಮೆ ಹೀಗಾದರೆ ಮನೆಗೆ ಹೋಗಿ ಅಂದಿದ್ದು ಎಲ್ಲರಿಗೂ ಗೊತ್ತಿತ್ತು.

ಇಲ್ಲ, ಭಾವ ಹಾಗೆ ಮಾಡುವವರಲ್ಲ, ಹಲಗೆ ಇದ್ದೇ ಇರುತ್ತೆ. ಹೀಗೆ ಅಂದುಕೊಳ್ಳುತ್ತಾ ರಸಮಟ್ಟ ಸುತ್ತಲೂ ನೋಡಿದ. ಭಾವ ಹಾಲಿನ ಆ ತುದಿಯಲ್ಲಿ, ಹೊರಬಾಗಿಲಿಗೆ ಅಂಟಿಕೊಂಡು ನಿಂತಿದ್ದ. ಅಕ್ಕ ಅವನ ಹತ್ತಿರದಿಂದಲೇ ಬಂದಳು.

“ನಿಮ್ಮ ಭಾವನಿಗೆ ಏನಾಗಿದೆಯೋ,” ಅಂದಳು. “ಬೆಳಿಗ್ಗೆಯಿಂದ ಒಂದೇ ರಾಗ, ಆ ಬೀಗದ ಹತ್ತಿರ ಮಾತ್ರ ಹೋಗಬೇಡ ಅಂತ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಹಾಗಾಯಿತು. ಹಲಗೆ ಇಲ್ಲ ಅನ್ನುವುದು ರಸಮಟ್ಟನಿಗೆ ಖಾತ್ರಿಯಾಯಿತು. ಅಷ್ಟರಲ್ಲಿ ಗೋಡೆಯೊಳಗಿಂದ ‘ಟಕ್’ ಅಂತ ಒಂದು ಸದ್ದು ಬಂತು. ಜನರ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಬಲಮೂಲೆ ಅವನು ನೋಡನೋಡುತ್ತಲೇ ಇನ್ನೊಂದು ದಾರದಷ್ಟು ಇಳಿಯಿತು.

ಅವನು ಲೋಟ ಬಿಸಾಡಿ ಓಡಿದ. ಬೇರೇನೂ ತೋಚಲಿಲ್ಲ. ಮಂಡಿ ಬಗ್ಗಿಸಿ, ಬಲಮೂಲೆಯ ಕೆಳಗೆ ಹೆಗಲು ಕೊಟ್ಟು, ಎರಡೂ ಕೈಯಿಂದ ಅಂಚು ಹಿಡಿದ. ಎಡಭಾಗದ ಬೋಲ್ಟುಗಳು ಇನ್ನೂ ಹಲಗೆ ಕಚ್ಚಿಕೊಂಡಿದ್ದರಿಂದ ಪೂರ್ತಿ ಭಾರ ಅವನ ಮೇಲೆ ಬರಲಿಲ್ಲ. ಬಂದಷ್ಟೇ ಸಾಕಾಗಿತ್ತು, ಉಸಿರು ಎಳೆದುಕೊಳ್ಳುವುದೇ ಕಷ್ಟವಾಯಿತು.

ಕಾವಲಿನವನು ಬೈಯುತ್ತಾ ಬಂದ. ಕಲಾವಿದ ಅವನ ಕೈ ಹಿಡಿದು ನಿಲ್ಲಿಸಿದ. ಕಲಾವಿದನ ಕಣ್ಣು ಮಿನುಗುತ್ತಿತ್ತು. ಬಿಡಿ, ಬಿಡಿ, ಎಂಥ ಅದ್ಭುತ, ಮನುಷ್ಯ ಮತ್ತು ಭಾರ, ಅಂತೇನೋ ಪಕ್ಕದವರಿಗೆ ಪಿಸುಗುಟ್ಟಿದ. ಆಧುನಿಕ ಕಲೆಯ ಗ್ರಹಚಾರವೇ ಇದು ನೋಡಿ. ಅಲ್ಲಿ ಏನು ಬೇಕಾದರೂ ಕಲೆಯಾಗಬಹುದು, ಪ್ರಾಣಭಯವೂ ಸೇರಿದಂತೆ. ಜನ ಸುತ್ತಲೂ ಅರ್ಧಚಂದ್ರ ಕಟ್ಟಿದರು, ಮೊಬೈಲುಗಳು ಮೇಲೆದ್ದವು.

“ಇದು ಬೀಳುತ್ತೆ,” ಅಂದ ರಸಮಟ್ಟ. ದನಿ ಕೀರಲಾಗಿ ಬಂತು. “ದಯವಿಟ್ಟು ಎಲ್ಲರೂ ದೂರ ಹೋಗಿ.”

ಯಾರೋ ಚಪ್ಪಾಳೆ ತಟ್ಟಿದರು. ಹಿಂದಿದ್ದವರು ಚೆನ್ನಾಗಿ ಕಾಣಲಿ ಅಂತ ಇನ್ನೂ ಮುಂದೆ ಬಂದರು. ಅವನು ಮತ್ತೆ ಹೇಳಿದ, ಇನ್ನೂ ಜೋರಾಗಿ ಹೇಳಿದ, ಕೊನೆಗೆ ಅಳುವ ದನಿಯಲ್ಲಿ ಹೇಳಿದ. ಹೇಳಿದಷ್ಟೂ ಅವರಿಗೆ ಹಿಡಿಸಿತು. ಜೀವ ಬಾಯಿಗೆ ಬರುವುದು ಅಂದರೇನು ಅಂತ ಅವನಿಗೆ ಆವತ್ತು ತಿಳಿಯಿತು. ಇಷ್ಟು ಜನ ತನ್ನ ಮುಖವನ್ನೇ ನೋಡುತ್ತಿದ್ದಾರೆ, ಒಬ್ಬರೂ ತನ್ನನ್ನು ನಂಬುತ್ತಿಲ್ಲ.

ನಂಬಿದವಳು ಒಬ್ಬಳೇ. ಅಮ್ಮ ಬೆಂಚಿನಿಂದ ಎದ್ದಳು. ಸದ್ಯ, ಹೋಗುತ್ತಾಳೆ ಅಂತ ಅವನು ಉಸಿರು ಬಿಡುವಷ್ಟರಲ್ಲಿ ಅವಳು ಅವನ ಪಕ್ಕಕ್ಕೇ ಬಂದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸುಕ್ಕುಗಟ್ಟಿದ ಎರಡೂ ಕೈಗಳನ್ನು ಕಬ್ಬಿಣದ ಅಂಚಿಗೆ ಕೊಟ್ಟಳು.

“ಅಮ್ಮಾ, ಹೋಗಮ್ಮ. ನಿನ್ನ ಕಾಲಿಗೆ ಬೀಳ್ತೀನಿ, ಹೋಗು.”

“ಯಾಕೆ?” ಅಂದಳು ಅಮ್ಮ. “ನಿನ್ನನ್ನ ಬಿಟ್ಟು ಎಲ್ಲಿಗೆ ಹೋಗಲಿ?”

ಅವಳ ಕೈಯಲ್ಲಿ ಏನಿತ್ತು ಬಲ, ಒಂದು ಕೊಡ ನೀರು ಎತ್ತಿದರೆ ಹೆಚ್ಚು. ಆದರೆ ಈಗ ಅವಳ ತಲೆಯ ಮೇಲೇ ಆ ಬೀಗಗಳು. ಒಳಗೆ ಇನ್ನೊಂದು ಬೋಲ್ಟು ‘ಟಕ್’ ಅಂತು. ರಸಮಟ್ಟ ಜನರ ತಲೆಗಳ ನಡುವಿನಿಂದ ಭಾವನನ್ನು ನೋಡಿದ. ಭಾವ ಅತ್ತೆಯನ್ನು ನೋಡುತ್ತಿದ್ದ.

ಆಮೇಲೆ ಭಾವ ಹೊರಬಾಗಿಲು ಬಿಟ್ಟು ಕದಲಿದ. ನೇರವಾಗಿ ಮೇಡಂ ಹತ್ತಿರ ಹೋಗಿ, ಬಾಯಿಗೆ ಕೈ ಅಡ್ಡ ಹಿಡಿಯದೆ, ದನಿ ಏರಿಸದೆ ಹೇಳಿದ. ಬಲಗಡೆ ಹಲಗೆ ಇಲ್ಲ ಮೇಡಂ, ಹಳೇ ಬಾಗಿಲಿನ ಜಾಗ, ಬರೀ ಬೋರ್ಡು, ನಾನು ಇದೆ ಅಂತ ಸುಳ್ಳು ಹೇಳಿದೆ. ಕಲೆಯಲ್ಲಿ ಯಾರೂ ಹಲಗೆಯ ಮಾತಾಡುವುದಿಲ್ಲ, ಇದು ನಾಟಕವಲ್ಲ ಅಂತ ಆಗ ಗೊತ್ತಾಯಿತು. ಮೇಡಂ ಮುಖ ಬಿಳಿಚಿಕೊಂಡಿತು. ಅವರು ಮೈಕು ಕಿತ್ತುಕೊಂಡು ಹಾಲ್ ಖಾಲಿ ಮಾಡಿ ಅಂದ ರೀತಿಗೇ ಚಪ್ಪಾಳೆ ನಿಂತಿತು, ಮೊಬೈಲುಗಳು ಇಳಿದವು, ಜನ ಒಬ್ಬರ ಮೇಲೊಬ್ಬರು ಬಿದ್ದು ಬಾಗಿಲ ಕಡೆ ನುಗ್ಗಿದರು. ಎಲ್ಲರಿಗಿಂತ ಮೊದಲು ಹೊರಗಿದ್ದವನು ಕಲಾವಿದ. ಇಬ್ಬರು ಕೆಲಸದವರು ಆಸರೆಗೆ ಕಂಬ ತರಲು ನೆಲಮಾಳಿಗೆಗೆ ಓಡಿದರು.

ಭಾವ ಓಡಿಬಂದು ರಸಮಟ್ಟನ ಪಕ್ಕದಲ್ಲಿ ಹೆಗಲು ಕೊಟ್ಟ. ಅಕ್ಕ ಬಂದು ಅಮ್ಮನ ಸೊಂಟ ಬಳಸಿ ಎಳೆದಳು. ಅಮ್ಮ ಬಿಡಲೊಲ್ಲಳು. ಅಂಚು ಹಿಡಿದ ಅವಳ ಬೆರಳುಗಳನ್ನು ಅಕ್ಕ ಒಂದೊಂದಾಗಿ ಬಿಡಿಸಬೇಕಾಯಿತು. ಕೊನೆಗೆ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡೇ ಹೋದಳು.

ಹಾಲಿನಲ್ಲಿ ಈಗ ಇಬ್ಬರೇ. ಕಂಬ ತರಲು ಹೋದವರು ಇನ್ನೂ ಬಂದಿರಲಿಲ್ಲ. ಎಡಭಾಗದಲ್ಲೂ ಬೋರ್ಡು ಕರಕರ ಅನ್ನತೊಡಗಿತ್ತು, ಬಿಳಿ ಪುಡಿ ತಲೆಯ ಮೇಲೆ ಉದುರುತ್ತಿತ್ತು.

“ಕಂಬ ಬರೋವರೆಗೂ ಇದು ನಿಲ್ಲಲ್ಲ,” ಅಂದ ಭಾವ. “ಮೂರು ಅಂತೀನಿ. ಅಂದ ತಕ್ಷಣ ಇಬ್ಬರೂ ಬಲಕ್ಕೆ ಹಾರೋಣ.”

ರಸಮಟ್ಟನಿಗೆ ಫಲಕಕ್ಕಿಂತ ಈಗ ಭಾವನ ಮಾತಿನದೇ ಹೆಚ್ಚು ಭಯವಾಗಿತ್ತು. ಎರಡಕ್ಕೇ ಭಾವ ಹಾರಿಬಿಟ್ಟರೆ ತಾನು ಇಲ್ಲೇ ಅಪ್ಪಚ್ಚಿ. ತಾನು ಹಾರಿ, ಭಾವ ನಾಚಿಕೆಗೆ ಹಾರದೇ ನಿಂತುಬಿಟ್ಟರೆ? ಹೊರಗೆ ಅಕ್ಕ ಇದ್ದಾಳೆ, ಅವಳಿಗೆ ಯಾವ ಮುಖ ತೋರಿಸುವುದು? ಇಷ್ಟು ವರ್ಷ ಈ ಮನುಷ್ಯ ಇದೆ ಅಂದ ಕಡೆಯೆಲ್ಲ ಕಣ್ಣು ಮುಚ್ಚಿಕೊಂಡು ಬೋಲ್ಟು ಹೊಡೆದಿದ್ದ.

“ನಿಜವಾಗ್ಲೂ ಹಾರ್ತೀರಾ ಭಾವ?”

“ಹಾರ್ತೀನಿ ಕಣೋ.”

“ನಿನ್ನೆನೂ ಹೀಗೇ ಅಂದಿದ್ರಿ.”

ಭಾವ ಒಂದು ಕೈಯನ್ನು ಅಂಚಿನಿಂದ ತೆಗೆದು ರಸಮಟ್ಟನ ಮಣಿಕಟ್ಟನ್ನು ಹಿಡಿದುಕೊಂಡ. ಆ ಕೈ ತಣ್ಣಗೆ, ಒದ್ದೆಯಾಗಿ, ಇವನ ಕೈಗಿಂತ ಹೆಚ್ಚು ನಡುಗುತ್ತಿತ್ತು. ಅದೊಂದನ್ನು ಮಾತ್ರ ರಸಮಟ್ಟ ನಂಬಿದ. ಒಂದು ಅಂದ ಭಾವ, ಎರಡು ಅಂದ, ಮೂರು ಅಂದ, ಇಬ್ಬರೂ ಹಾರಿದರು.

ಸದ್ದು ಹೊರಗಿನ ರಸ್ತೆಯವರೆಗೂ ಕೇಳಿತಂತೆ. ಧೂಳು ಇಳಿದಾಗ ಫಲಕ ಬೋರಲಾಗಿ ಬಿದ್ದಿತ್ತು. ಅದರಡಿ ಬೆಂಚು ಸೌದೆಯಾಗಿತ್ತು, ಭಾವನ ಒಂದು ಚಪ್ಪಲಿ ಅಲ್ಲೇ ಉಳಿದಿತ್ತು. ಕಿತ್ತುಬಂದ ಬೀಗಗಳು ಹಾಲಿನ ಮೂಲೆ ಮೂಲೆಗೂ ಉರುಳಿಹೋಗಿದ್ದವು. ಗೋಡೆಯಲ್ಲಿ ಈಗ ಅಗಲವಾದ ಬಾಗಿಲು ತೆರೆದುಕೊಂಡಿತ್ತು, ಅದರಾಚೆ ಬರೀ ಕತ್ತಲೆ. ಇಬ್ಬರೂ ನೆಲದ ಮೇಲೆ ಕೂತು, ಒಬ್ಬರ ಕೈ ಒಬ್ಬರು ಬಿಡದೆ, ಅದನ್ನೇ ನೋಡುತ್ತಿದ್ದರು.

ಅಮ್ಮ ಕಾವಲಿನವನನ್ನು ತಳ್ಳಿಕೊಂಡು ಒಳಗೆ ಬಂದಳು. ಮಗನ ತಲೆ, ಹೆಗಲು, ಬೆರಳು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಬೆಂಚಿನ ಚೂರುಗಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಳಿಯನ ಎದುರು ಮಂಡಿಯೂರಿ ಕೂತಳು. ಅಕ್ಕ ಹಿಂದೆಯೇ ನಿಂತಿದ್ದಳು.

“ಇವಳಿಗೆ ಬೆಳಿಗ್ಗೆಯೇ ಹೇಳಿದ್ರಂತೆ, ಹತ್ತಿರ ಹೋಗಬೇಡ ಅಂತ,” ಅಂದಳು ಅಮ್ಮ ಮೆತ್ತಗೆ. “ನನಗೆ ಯಾಕೆ ಹೇಳಲಿಲ್ಲ ಅಳಿಯಂದಿರೇ?”

ಭಾವ ಧೂಳು ಮೆತ್ತಿದ ಮುಖ ಎತ್ತಿದ. ಕಣ್ಣೀರು ಅದರಲ್ಲಿ ಎರಡು ಗೆರೆ ಎಳೆದಿತ್ತು.

“ನೀವು ಯಾಕೆ ಅಂತ ಕೇಳ್ತಿದ್ರಿ, ಅತ್ತೆ.”

ಅಮ್ಮ ಮತ್ತೇನೂ ಕೇಳಲಿಲ್ಲ.